ಪ್ರಶ್ನೋತ್ತರ: ಹೆಸರು ಮುಚ್ಚಿಟ್ಟು ಓದಿದರೆ

ಪ್ರಶ್ನೆ: ಯಾವುದೇ ಬರಹವನ್ನು ನಾಲ್ಕು ಸಾಲು ಓದಿದರೆ ಸಾಕು, ಬರೆದವರು ಹೆಣ್ಣೋ ಗಂಡೋ ಎಂದು ಹೇಳಬಲ್ಲೆ ಎಂದು ನನ್ನ ಸ್ನೇಹಿತರೊಬ್ಬರು ಪಟ್ಟು ಹಿಡಿದು ವಾದಿಸುತ್ತಾರೆ. ಹೆಂಗಸರ ಬರವಣಿಗೆಯಲ್ಲಿ ಭಾವನೆ ಹೆಚ್ಚು, ಅಳುಕು ಹೆಚ್ಚು. ಗಂಡಸರದ್ದು ಖಚಿತವಾದ ಮಾತು ಎಂಬುದು ಅವರ ಲೆಕ್ಕಾಚಾರ. ಇದರಲ್ಲಿ ನಿಜವೆಷ್ಟು?

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ನಿಜವೇ ಇಲ್ಲವೆನ್ನಲಾರೆ, ಆದರೆ ಅವರು ಅದನ್ನು ಹುಡುಕುತ್ತಿರುವ ಜಾಗದಲ್ಲಿ ಅದಿಲ್ಲ. ಈ ಅಂಕಣಕ್ಕೆ ಬರುವ ಪತ್ರಗಳನ್ನು ಸಹಿಯ ಭಾಗ ಮಡಿಚಿಟ್ಟು ಓದಿ, ಬರೆದವರು ಯಾರಿರಬಹುದೆಂದು ಊಹಿಸುವ ಚಟ ನನಗೂ ಇದೆ. ಊಹೆ ಸರಿಯಾದಾಗಲೆಲ್ಲ ನನಗೆ ಸುಳಿವು ಕೊಟ್ಟದ್ದು ವಾಕ್ಯದ ನಡೆಯಲ್ಲ, ಪತ್ರದ ವಿಷಯ. ಹೆರಿಗೆಯ ಅನುಭವವನ್ನು ಬರೆದವರು ಹೆಣ್ಣೆಂದು ಗುರುತಿಸುವುದಕ್ಕೆ ಶೈಲಿಯ ಜ್ಞಾನವೇನೂ ಬೇಕಿಲ್ಲ. ವಿಷಯ ಇಬ್ಬರಿಗೂ ಸಮಾನವಾದದ್ದಾಗಿದ್ದರೆ, ಉದಾಹರಣೆಗೆ ಒಂದು ಸಮಾಸವನ್ನು ಹೇಗೆ ಬಿಡಿಸಬೇಕೆಂಬ ತಕರಾರಾಗಿದ್ದರೆ, ನನ್ನ ಊಹೆ ನಾಣ್ಯ ಚಿಮ್ಮಿದಷ್ಟೇ ವಿಶ್ವಾಸಾರ್ಹ.

ನಮಗಿಂತ ದೊಡ್ಡವರೂ ಈ ಆಟದಲ್ಲಿ ಗೆದ್ದಿದ್ದಾರೆ, ಎಡವಿದ್ದಾರೆ. ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಪ್ರಕಟವಾದ ಮೊದಲ ಕಥೆಗಳನ್ನು ಓದಿದ ಚಾರ್ಲ್ಸ್ ಡಿಕನ್ಸ್, 1858ರಲ್ಲಿ ಆ ಅಪರಿಚಿತ ಲೇಖಕರಿಗೇ ಪತ್ರ ಬರೆದು, ಇದು ಹೆಣ್ಣಿನ ಬರವಣಿಗೆಯೆಂದು ತನಗೆ ಬಲವಾಗಿ ಅನ್ನಿಸುತ್ತಿದೆ ಎಂದು ತಿಳಿಸಿದರು. ಅವರ ಊಹೆ ಸರಿಯಾಗಿತ್ತು. ಬರೆದವರು ಮೇರಿ ಆ್ಯನ್ ಇವಾನ್ಸ್. ಈ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲಿಡಬೇಕಾದ ಇನ್ನೊಂದನ್ನು ಅಷ್ಟಾಗಿ ಹೇಳುವುದಿಲ್ಲ. ಅಮೆರಿಕದ ವೈಜ್ಞಾನಿಕ ಕಥಾಲೋಕದಲ್ಲಿ ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ಯಾರೂ ಮುಖ ಕಾಣದ ಒಬ್ಬ ಲೇಖಕರಿದ್ದರು. ಅವರು ಹೆಣ್ಣಿರಬಹುದೆಂಬ ಗುಸುಗುಸುವಿಗೆ ಉತ್ತರವಾಗಿ ರಾಬರ್ಟ್ ಸಿಲ್ವರ್‌ಬರ್ಗ್ ಎಂಬ ಪ್ರಸಿದ್ಧ ಕಥೆಗಾರ 1975ರಲ್ಲಿ ಒಂದು ಮುನ್ನುಡಿಯಲ್ಲಿ, ಈ ಬರವಣಿಗೆಯಲ್ಲಿ ಅಲ್ಲಗಳೆಯಲಾಗದ ಗಂಡುತನವಿದೆಯೆಂದು ಬರೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಟಿಪ್‌ಟ್ರೀ ಎಂಬುವರು ಆಲಿಸ್ ಶೆಲ್ಡನ್ ಎಂಬ ಮಹಿಳೆ ಎಂಬುದು ಜಗಜ್ಜಾಹೀರಾಗಿತ್ತು. ಸಿಲ್ವರ್‌ಬರ್ಗ್ ದಡ್ಡರಾಗಿರಲಿಲ್ಲ. ಹೆಸರು ಗಂಡಿನದಾಗಿದ್ದರಿಂದ ಪ್ರತಿ ವಾಕ್ಯದಲ್ಲೂ ಗಂಡೇ ಕಂಡಿತು, ಅಷ್ಟೆ. ಓದುವವರು ತಂದ ಕನ್ನಡಕವನ್ನು ಬರೆದವರ ಕಣ್ಣೆಂದು ತಿಳಿಯುವುದು ಸುಲಭವಾದ ತಪ್ಪು.

ಇನ್ನು ನಿಮ್ಮ ಸ್ನೇಹಿತರು ಹೇಳುವ ಅಳುಕಿನ ವಿಚಾರ. ‘ಬಹುಶಃ’, ‘ನನಗನ್ನಿಸುವಂತೆ’, ‘ಅಲ್ಲವೇ’ ಎಂಬಂಥ ಹಿಂಜರಿಕೆಯ ಮಾತುಗಳು ಹೆಂಗಸರ ಭಾಷೆಯ ಲಕ್ಷಣಗಳೆಂದು 1970ರ ದಶಕದಲ್ಲಿ ಪ್ರತಿಪಾದಿಸಿದವರು ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್. ಬರಹಕ್ಕಿಂತ ಹೆಚ್ಚಾಗಿ ಅವರು ಗಮನಿಸಿದ್ದು ಆಡುಮಾತನ್ನು. ಅಂಥ ಮಾತನ್ನು ಹೆಣ್ಣುಮಕ್ಕಳಿಗೆ ಸಮಾಜವೇ ಕಲಿಸುತ್ತದೆಯೆಂಬುದು ಅವರ ದೂರಾಗಿತ್ತು. 1980ರಲ್ಲಿ ವಿಲಿಯಂ ಓಬಾರ್ ಮತ್ತು ಬೋಮನ್ ಆಟ್ಕಿನ್ಸ್ ನ್ಯಾಯಾಲಯದ ಸಾಕ್ಷಿಗಳ ಮಾತನ್ನು ಇದೇ ಪಟ್ಟಿಯಿಂದ ಅಳೆದಾಗ ಬೇರೊಂದು ಚಿತ್ರ ಮೂಡಿತು: ಪರಿಣತರಾಗಿ ಸಾಕ್ಷಿ ನುಡಿಯಲು ಬಂದ ಹೆಂಗಸರಲ್ಲಿ ಈ ಲಕ್ಷಣಗಳು ಕಡಿಮೆಯಿದ್ದವು; ಸಾಮಾಜಿಕವಾಗಿ ಕೆಳಸ್ತರದಲ್ಲಿದ್ದ ಗಂಡಸರಲ್ಲಿ ಹೆಚ್ಚಿದ್ದವು. ಹಾಗಾಗಿ ಅವರು ಇದನ್ನು ಹೆಂಗಸರ ಭಾಷೆ ಎನ್ನದೆ ಅಧಿಕಾರವಿಲ್ಲದವರ ಭಾಷೆ ಎಂದರು.

ಇದನ್ನು ಪರೀಕ್ಷಿಸಲು ನ್ಯಾಯಾಲಯದವರೆಗೆ ಹೋಗಬೇಕಾಗಿಲ್ಲ. ಒಬ್ಬರೇ ವ್ಯಕ್ತಿ, ಒಂದೇ ದಿನ, ಒಂದೇ ಕಡತದ ಬಗ್ಗೆ ಬರೆದ ಎರಡು ಟಿಪ್ಪಣಿಗಳನ್ನು ಊಹಿಸಿಕೊಳ್ಳಿ. ಮೇಲಧಿಕಾರಿಗೆ ಬರೆದದ್ದು: “ತಮಗೆ ಬಿಡುವಾದಾಗ ಒಮ್ಮೆ ಕಣ್ಣಾಡಿಸಿದರೆ ಉಪಕಾರವಾಗುತ್ತಿತ್ತು, ಮೂರನೆಯ ಪುಟದಲ್ಲಿ ಏನೋ ವ್ಯತ್ಯಾಸವಿದ್ದಂತೆ ತೋರುತ್ತದೆ, ನಾನೇ ತಪ್ಪು ತಿಳಿದಿರಲೂಬಹುದು.” ಕೈಕೆಳಗಿನವರಿಗೆ ಬರೆದದ್ದು: “ಮೂರನೆಯ ಪುಟ ತಪ್ಪಾಗಿದೆ. ಸಂಜೆಯೊಳಗೆ ತಿದ್ದಿ ಕಳುಹಿಸಿ.” ನಿಮ್ಮ ಸ್ನೇಹಿತರು ಮೊದಲನೆಯದನ್ನು ಹೆಣ್ಣಿಗೂ ಎರಡನೆಯದನ್ನು ಗಂಡಿಗೂ ಕೊಟ್ಟುಬಿಡುತ್ತಾರೆ. ಬರೆದ ಕೈ ಒಂದೇ; ಬದಲಾದದ್ದು ಆ ಕೈ ನಿಂತ ಮೆಟ್ಟಿಲು. ಮೇಲಿನ ಮೆಟ್ಟಿಲುಗಳು ಬಹುಕಾಲ ಒಂದೇ ಲಿಂಗದವರಿಗೆ ಮೀಸಲಾಗಿದ್ದರೆ, ಎರಡನೆಯ ಬಗೆಯ ವಾಕ್ಯವೂ ಅವರದೇ ಸೊತ್ತೆಂಬಂತೆ ಕಾಣುವುದು ಸಹಜ. ಲಿಂಗ ಬರವಣಿಗೆಯ ಮೇಲೆ ಪ್ರಭಾವ ಬೀರುತ್ತದೆಯೇ ಎಂದರೆ ಖಂಡಿತ ಬೀರುತ್ತದೆ. ಆದರೆ ನೇರವಾಗಿ ಅಲ್ಲ. ಯಾರಿಗೆ, ಯಾವ ವಿಷಯವನ್ನು, ಎಷ್ಟು ಧೈರ್ಯದಿಂದ ಬರೆಯಲು ಅವಕಾಶವಿದೆ ಎಂಬುದರ ಮೂಲಕ ಬೀರುತ್ತದೆ.

ಪ್ರಶ್ನೆ: ಕನ್ನಡದ ಕ್ರಿಯಾಪದವೇ ‘ಬಂದನು’, ‘ಬಂದಳು’ ಎಂದು ಲಿಂಗವನ್ನು ಸಾರುತ್ತದೆ. ಹಾಗಿರುವಾಗ ಕನ್ನಡದಲ್ಲಿ ಬರೆಯುವವರು ತಮ್ಮ ಲಿಂಗವನ್ನು ಮರೆಮಾಡುವುದು ಸಾಧ್ಯವೇ?

ಉತ್ತರ: ಒಳ್ಳೆಯ ಪ್ರಶ್ನೆ, ಏಕೆಂದರೆ ಇಲ್ಲಿ ಊಹೆಗೆ ಕೆಲಸವಿಲ್ಲ, ವ್ಯಾಕರಣವನ್ನು ನೋಡಿದರೆ ಸಾಕು. ಕನ್ನಡ ಲಿಂಗವನ್ನು ಕೇಳುವುದು ಪ್ರಥಮ ಪುರುಷದ ಏಕವಚನದಲ್ಲಿ, ಅಂದರೆ ಅವನು, ಅವಳು ಎನ್ನುವಾಗ ಮಾತ್ರ. ‘ನಾನು ಬರೆದೆ’, ‘ನೀನು ಬರೆದೆ’, ‘ಅವರು ಬರೆದರು’ ಎಂಬಲ್ಲೆಲ್ಲ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಹಿಂದಿಯಲ್ಲಿ ‘ನಾನು ಹೋದೆ’ ಎಂದಷ್ಟೇ ಹೇಳಬೇಕಾದರೂ ಗಂಡು ‘ಮೈ ಗಯಾ’ ಎನ್ನಬೇಕು, ಹೆಣ್ಣು ‘ಮೈ ಗಯೀ’ ಎನ್ನಬೇಕು; ಎರಡನೆಯ ಪದಕ್ಕೇ ಗುಟ್ಟು ಹೊರಬಿತ್ತು. ಇತ್ತ ಬಂಗಾಳಿ, ತುರ್ಕಿ, ಫಿನ್ನಿಶ್ ಭಾಷೆಗಳಲ್ಲಿ ಅವನು, ಅವಳು ಎಂಬ ಭೇದವೇ ಸರ್ವನಾಮಕ್ಕಿಲ್ಲ. ನಾವು ಇವೆರಡರ ನಡುವೆ ಇದ್ದೇವೆ.

ಹಾಗೆಂದು ‘ನಾನು’ ಎಂದು ಬರೆಯುವ ಕನ್ನಡಿಗರು ಪೂರ್ತಿ ಸುರಕ್ಷಿತರೆಂದು ತಿಳಿಯಬೇಡಿ. ಹೆಸರು ಹಾಕದೆ ಆತ್ಮಕಥನದ ಧಾಟಿಯಲ್ಲಿ ಎರಡು ಪುಟ ಬರೆದು ನೋಡಿ. ಹತ್ತಾರು ವಾಕ್ಯ ಸರಾಗವಾಗಿ ಸಾಗುತ್ತದೆ. ಆಮೇಲೆ ಯಾವುದೋ ತಿರುವಿನಲ್ಲಿ ‘ನಾನು ಚಿಕ್ಕವಳಿದ್ದಾಗ’ ಎಂದೋ ‘ನಾನೊಬ್ಬನೇ ಹೊರಟೆ’ ಎಂದೋ ಬರೆದುಬಿಡುತ್ತೀರಿ. ಬಾಲ್ಯವನ್ನು ನೆನೆಯುವಾಗ ಮತ್ತು ಒಂಟಿತನವನ್ನು ಹೇಳುವಾಗ ಕನ್ನಡ ನಮ್ಮನ್ನು ಹೆಣ್ಣು ಅಥವಾ ಗಂಡಾಗಿಸುತ್ತದೆ. ತಪ್ಪಿಸಿಕೊಳ್ಳಬೇಕೆಂದರೆ ‘ಚಿಕ್ಕಂದಿನಲ್ಲಿ’, ‘ಒಂಟಿಯಾಗಿ’ ಎಂಬ ಒಳದಾರಿಗಳಿವೆ. ಆದರೆ ‘ನಾನೊಬ್ಬಳೇ’ ಎಂಬುದರಲ್ಲಿರುವ ಬಿಗಿ ‘ಒಂಟಿಯಾಗಿ’ ಎಂಬುದರಲ್ಲಿ ಬರುವುದಿಲ್ಲವೆಂಬುದು ನನ್ನ ಅನಿಸಿಕೆ. ಮರೆಮಾಚುವಿಕೆಗೆ ತೆರಬೇಕಾದ ಬೆಲೆ ಅದು.

ವ್ಯಾಕರಣ ಕೇಳದೆಯೂ ನಾವಾಗಿ ಲಿಂಗವನ್ನು ಅಂಟಿಸುವ ಜಾಗವೊಂದಿದೆ. ‘ಮಹಿಳಾ ಸಾಹಿತಿ’ ಎಂಬ ಮಾತು ಎಲ್ಲೆಲ್ಲೂ ಸಿಗುತ್ತದೆ. ‘ಪುರುಷ ಸಾಹಿತಿ’ ಎಂಬುದನ್ನು ಓದಿದ ನೆನಪಿದ್ದವರು ದಯವಿಟ್ಟು ತಿಳಿಸಬೇಕು.

ಪ್ರಶ್ನೆ: ಬರಹವನ್ನು ಕೊಟ್ಟರೆ ಬರೆದವರ ಲಿಂಗವನ್ನು ಕಂಪ್ಯೂಟರ್ ಹೇಳಬಲ್ಲದು ಎಂದು ಓದಿದ್ದೇನೆ. ಯಂತ್ರಕ್ಕೆ ತಿಳಿಯುತ್ತದೆಯೆಂದ ಮೇಲೆ ವ್ಯತ್ಯಾಸವಿದೆಯೆಂದೇ ಆಯಿತಲ್ಲವೇ?

ಉತ್ತರ: ಹೇಳಬಲ್ಲದು, ಒಂದು ಮಟ್ಟಿಗೆ. ಮೋಶೆ ಕೊಪ್ಪೆಲ್, ಶ್ಲೋಮೊ ಅರ್ಗಮಾನ್ ಮತ್ತವರ ಸಂಗಡಿಗರು ಬ್ರಿಟಿಷ್ ರಾಷ್ಟ್ರೀಯ ಪಠ್ಯಕೋಶದಿಂದ ಆರಿಸಿದ ನೂರಾರು ಇಂಗ್ಲಿಷ್ ಬರಹಗಳ ಮೇಲೆ ನಡೆಸಿ, 2002 ಮತ್ತು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಕ್ಷೇತ್ರದಲ್ಲಿ ಬಹಳ ಹೆಸರಾದವು. ಅವರ ಕಂಪ್ಯೂಟರ್ ಕ್ರಮವಿಧಿ ಸುಮಾರು 80 ಪ್ರತಿಶತ ಸಲ ಸರಿಯಾಗಿ ಗುರುತಿಸಿತು. ಕುತೂಹಲದ ಸಂಗತಿಯೆಂದರೆ, ಸುಳಿವು ಸಿಕ್ಕಿದ್ದು ನಾವು ಗಮನಿಸದೆ ದಾಟಿಹೋಗುವ ಪುಟ್ಟ ಪದಗಳಲ್ಲಿ: ಹೆಂಗಸರ ಬರಹಗಳಲ್ಲಿ ನಾನು, ನೀನು, ಅವಳು ಎಂಬಂಥ ಸರ್ವನಾಮಗಳು ಹೆಚ್ಚಿದ್ದವು, ಗಂಡಸರ ಬರಹಗಳಲ್ಲಿ ನಾಮಪದಗಳನ್ನು ನಿರ್ದಿಷ್ಟಗೊಳಿಸುವ ‘ಆ’, ‘ಒಂದು’, ‘ಕೆಲವು’ ಬಗೆಯ ಪದಗಳು ಹೆಚ್ಚಿದ್ದವು.

ಆದರೆ ಆ 80ನ್ನು ಎರಡು ಸಲ ನೋಡಬೇಕು. ಕಣ್ಣು ಮುಚ್ಚಿ ಹೇಳಿದರೂ 50 ಸರಿಯಾಗುತ್ತದೆ. 80 ಎಂದರೆ ಪ್ರತಿ ಐವರಲ್ಲಿ ಒಬ್ಬರನ್ನು ತಪ್ಪು ಸಾಲಿನಲ್ಲಿ ನಿಲ್ಲಿಸಿದಂತೆ. ಅದಕ್ಕಿಂತ ಮುಖ್ಯವಾಗಿ, ಹೆಣ್ಣು ಗಂಡಿನ ನಡುವೆ ಕಂಡ ಈ ವ್ಯತ್ಯಾಸವೇ ಕಥೆಗೂ ಶಾಸ್ತ್ರಬರಹಕ್ಕೂ ನಡುವೆ ಇರುವುದನ್ನು ಆ ಸಂಶೋಧಕರೇ ಗುರುತಿಸಿದರು. ಮನುಷ್ಯರ ಬಗ್ಗೆ ಬರೆದರೆ ಸರ್ವನಾಮ ಹೆಚ್ಚುತ್ತದೆ, ವಸ್ತುಗಳ ಬಗ್ಗೆ ಬರೆದರೆ ನಾಮಪದ ಹೆಚ್ಚುತ್ತದೆ, ಇದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ? 2006ರಲ್ಲಿ ಸೂಸನ್ ಹೆರಿಂಗ್ ಮತ್ತು ಜಾನ್ ಪಾವೊಲಿಲ್ಲೊ ಇದೇ ಪದಪಟ್ಟಿ ಹಿಡಿದು ಅಂತರ್ಜಾಲದ ಬರಹಗಳನ್ನು ಪರಿಶೀಲಿಸಿದರು. ದಿನಚರಿಯಂಥ ಬರಹಗಳನ್ನು ಒಂದು ಕಡೆ, ಸುದ್ದಿಗಳ ಮೇಲಿನ ಟಿಪ್ಪಣಿಗಳನ್ನು ಇನ್ನೊಂದು ಕಡೆ ಬೇರ್ಪಡಿಸಿಟ್ಟಾಗ, ‘ಹೆಣ್ಣು ಲಕ್ಷಣ’ಗಳು ದಿನಚರಿಯಲ್ಲಿ ಹೆಚ್ಚಿದ್ದವು, ಅದನ್ನು ಯಾರೇ ಬರೆದಿರಲಿ, ‘ಗಂಡು ಲಕ್ಷಣ’ಗಳು ಟಿಪ್ಪಣಿಯಲ್ಲಿ ಹೆಚ್ಚಿದ್ದವು, ಅಲ್ಲೂ ಯಾರೇ ಬರೆದಿರಲಿ. ದಿನಚರಿ ಬರೆಯುವ ಗಂಡಸು ಯಂತ್ರದ ಕಣ್ಣಿಗೆ ಹೆಣ್ಣು.

2008ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು ಸುಮಾರು 14,000 ಪಠ್ಯಗಳನ್ನು ಪರಿಶೀಲಿಸಿದಾಗಲೂ ವ್ಯತ್ಯಾಸಗಳು ಮತ್ತೆ ಮತ್ತೆ ಕಂಡವು, ಆದರೆ ಸಣ್ಣ ಪ್ರಮಾಣದಲ್ಲಿ. ಸರಾಸರಿಗಳು ಬೇರೆ, ಆದರೆ ಹೆಂಗಸರ ಮತ್ತು ಗಂಡಸರ ಬರಹಗಳ ರಾಶಿಗಳು ಒಂದರ ಮೇಲೊಂದು ಬಿದ್ದಿವೆ. ಇಂಥ ಸರಾಸರಿಯಿಂದ ಎದುರಿಗಿರುವ ಒಂದು ಹಾಳೆಯ ಬಗ್ಗೆ ತೀರ್ಪು ಕೊಡಲಾಗದು. ಇವೆಲ್ಲ ಇಂಗ್ಲಿಷಿನ ಲೆಕ್ಕಗಳೆಂಬುದೂ ನೆನಪಿರಲಿ. ‘ಬಂದೆ’ ಎಂದರೆ ಸಾಕಾಗುವ, ಸರ್ವನಾಮವನ್ನು ಕ್ರಿಯಾಪದದೊಳಗೇ ನುಂಗಿಬಿಡುವ ನಮ್ಮ ಭಾಷೆಯಲ್ಲಿ ಆ ಪಟ್ಟಿಯನ್ನು ಹಾಗೆಯೇ ತಂದು ಹೇರಲು ಬರುವುದಿಲ್ಲ.

ಪ್ರಶ್ನೆ: ನಾನು ವಿಜ್ಞಾನ ಲೇಖನಗಳನ್ನು ಬರೆಯುವ ಮಹಿಳೆ. ಪೂರ್ತಿ ಹೆಸರಿನ ಬದಲು ಇನಿಷಿಯಲ್ಲುಗಳನ್ನಷ್ಟೇ ಬಳಸಿದರೆ ಲೇಖನಕ್ಕೆ ಹೆಚ್ಚಿನ ಗೌರವ ಸಿಗುತ್ತದೆಯೇ?

ಉತ್ತರ: 1968ರಲ್ಲಿ ಫಿಲಿಪ್ ಗೋಲ್ಡ್‌ಬರ್ಗ್ ಎಂಬ ಮನೋವಿಜ್ಞಾನಿ ಒಂದೇ ಲೇಖನಗಳನ್ನು ಕೆಲವರಿಗೆ ಗಂಡು ಹೆಸರಿನಲ್ಲೂ ಕೆಲವರಿಗೆ ಹೆಣ್ಣು ಹೆಸರಿನಲ್ಲೂ ಕೊಟ್ಟು ಓದಿಸಿದಾಗ, ಓದಿದ ವಿದ್ಯಾರ್ಥಿನಿಯರೇ ಗಂಡು ಹೆಸರಿನ ಪ್ರತಿಗೆ ಹೆಚ್ಚು ಬೆಲೆ ಕೊಟ್ಟರು. ಈ ಪ್ರಯೋಗವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ ಮುಂದಿನ ಎರಡು ದಶಕಗಳಲ್ಲಿ ಇದೇ ಮಾದರಿಯಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ 1989ರಲ್ಲಿ ಪರಿಶೀಲಿಸಿದಾಗ, ಸರಾಸರಿ ವ್ಯತ್ಯಾಸ ನಗಣ್ಯವೆನ್ನುವಷ್ಟು ಚಿಕ್ಕದಾಗಿತ್ತು. ಹೆದರಿ ಹೆಸರು ಕತ್ತರಿಸಿಕೊಳ್ಳಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಇಷ್ಟಪಟ್ಟು ಕತ್ತರಿಸಿಕೊಂಡರೆ ಆಕ್ಷೇಪಣೆಯೂ ಇಲ್ಲ.

ಪ್ರಶ್ನೆ: ನಾನು ಗಂಡಸು. ಒಬ್ಬ ಹೆಣ್ಣುಮಗಳು ‘ನಾನು’ ಎಂದು ಹೇಳಿಕೊಳ್ಳುವ ಕಥೆಯೊಂದನ್ನು ಬರೆಯುತ್ತಿದ್ದೇನೆ. ಓದಿದ ಗೆಳತಿಯೊಬ್ಬರು “ಇವಳು ಹೆಣ್ಣೆಂದು ಅನ್ನಿಸುವುದೇ ಇಲ್ಲ” ಎಂದರು. ಭಾಷೆಯನ್ನು ಇನ್ನಷ್ಟು ಮೃದುಗೊಳಿಸಬೇಕೇ?

ಉತ್ತರ: ದಯವಿಟ್ಟು ಬೇಡ. ಮೃದುಗೊಳಿಸಿದಷ್ಟೂ ಅವಳು ಗಂಡಸಿನ ಕಲ್ಪನೆಯ ಹೆಣ್ಣಾಗುತ್ತಾ ಹೋಗುತ್ತಾಳೆ. ನೀವು ಹಿಡಿದ ಕೆಲಸಕ್ಕೆ ಹಳೆಯ ಮನೆತನವಿದೆ. ಸುಮಾರು 935ರಲ್ಲಿ ಜಪಾನಿನ ಕವಿ, ಅಧಿಕಾರಿ ಕಿ ನೊ ತ್ಸುರಾಯುಕಿ, ಗಂಡಸರು ಬರೆಯುವರೆಂಬ ದಿನಚರಿಯನ್ನು ಹೆಣ್ಣಾದ ನಾನೂ ಬರೆದು ನೋಡುತ್ತೇನೆ ಎಂಬ ಅರ್ಥದ ಮಾತಿನೊಂದಿಗೆ ತಮ್ಮ ಪ್ರಯಾಣದ ಕಥನವನ್ನು ಆರಂಭಿಸಿದರು. ಆ ಕಾಲದಲ್ಲಿ ಅಧಿಕಾರಿಗಳ ದಿನಚರಿ ಚೀನೀ ಭಾಷೆಯಲ್ಲಿರಬೇಕಾಗಿತ್ತು; ಜಪಾನಿ ನುಡಿಯನ್ನು ಉಚ್ಚಾರದಂತೆ ಬರೆಯುವ ಲಿಪಿಗೆ ‘ಹೆಣ್ಣು ಕೈ’ ಎಂಬ ಹೆಸರೇ ಇತ್ತು. ಹೆಣ್ಣಿನ ವೇಷ ಅವರಿಗೆ ತಾಯ್ನುಡಿಯಲ್ಲಿ ದುಃಖವನ್ನು ಹೇಳಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಿತು. ಶರಣಸತಿ ಲಿಂಗಪತಿ ಎಂದ ವಚನಕಾರರನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.

ನಿಮ್ಮ ಕಥೆಯ ಮೊದಲ ಪುಟವನ್ನು ಪತ್ರದೊಂದಿಗೆ ಕಳುಹಿಸಿದ್ದೀರಿ. ಅದರಲ್ಲೊಂದು ವಾಕ್ಯ: “ಕನ್ನಡಿಯ ಮುಂದೆ ನಿಂತು, ಬೆನ್ನ ಮೇಲೆ ಅಲೆಯಲೆಯಾಗಿ ಇಳಿದ ನನ್ನ ನೀಳ ಕೂದಲನ್ನು ನೋಡಿಕೊಂಡೆ.” ಇಲ್ಲಿ ‘ನಾನು’ ಎಂದವಳು ಅವಳು, ನೋಡುತ್ತಿರುವವರು ನೀವು, ಅದೂ ಅವಳ ಹಿಂದೆ ನಿಂತು. ಕನ್ನಡಿಯ ಎದುರು ನಿಂತವರಿಗೆ ತಮ್ಮ ಬೆನ್ನು ಕಾಣುವುದಿಲ್ಲವೆಂಬ ಸಣ್ಣ ತೊಡಕನ್ನೂ ನೀವು ಗಮನಿಸಿಲ್ಲ. ಆ ಕೂದಲು ಅವಳಿಗೆ ದಿನದಿನವೂ ಏನು ಮಾಡುತ್ತದೆ ಎಂದು ಯೋಚಿಸಿ. ಒದ್ದೆಯಾಗಿ ಕುತ್ತಿಗೆಗೆ ಅಂಟುತ್ತದೆ, ಬಾಗಿಲಿನ ಚಿಲಕಕ್ಕೆ ಸಿಕ್ಕಿಕೊಳ್ಳುತ್ತದೆ, ಹೊರಡಲು ತಡಮಾಡಿಸುತ್ತದೆ. “ಕೂದಲು ಇನ್ನೂ ಒಣಗಿರಲಿಲ್ಲ, ಹಾಗೇ ಗಂಟು ಹಾಕಿಕೊಂಡು ಹೊರಟೆ” ಎಂದು ಬರೆದರೆ ಅಲೆಗಳೂ ಹೋಗುತ್ತವೆ, ನೀವೂ ಹೋಗುತ್ತೀರಿ. ಈ ವಾಕ್ಯದಲ್ಲಿ ಮೃದುವಾದ ಪದ ಒಂದೂ ಇಲ್ಲ. ಹೀಗೆ ತಿದ್ದಿದ ಪುಟವನ್ನು ಅದೇ ಗೆಳತಿಗೆ ಮತ್ತೊಮ್ಮೆ ಓದಲು ಕೊಡಿ. ಈ ಸಲ ಇಡೀ ಕಥೆ ಹೇಗಿದೆಯೆಂದು ಕೇಳದೆ, ಯಾವ ವಾಕ್ಯದ ಹಿಂದೆ ಬೇರೆ ಯಾರೋ ನಿಂತಂತೆ ಅನ್ನಿಸಿತು ಎಂಬುದನ್ನಷ್ಟೇ ಪೆನ್ಸಿಲಿನಲ್ಲಿ ಗುರುತು ಹಾಕಲು ಹೇಳಿ.