ಕುಷ್ಠರೋಗಿಗಳ ನಡುವೆ 30 ವರ್ಷ ಇದ್ದ ಸಿಸ್ಟರ್‌ಗೆ ರೋಗ ಯಾಕೆ ಅಂಟಲಿಲ್ಲ?

ಪ್ರಶ್ನೆ: ಹವಾಯಿಯಲ್ಲಿ ಕುಷ್ಠರೋಗಿಗಳ ಸೇವೆ ಮಾಡಿ ಅದೇ ರೋಗದಿಂದ ತೀರಿಕೊಂಡ ಫಾದರ್ ಡೇಮಿಯನ್ ಕಥೆ ಗೊತ್ತು. ಅದೇ ಜಾಗದಲ್ಲಿ 30 ವರ್ಷ ಇದ್ದ ಮದರ್ ಮರಿಯಾನ್ ಕೋಪ್ ಅವರಿಗೆ ಮಾತ್ರ ರೋಗ ಬರಲೇ ಇಲ್ಲವಂತೆ. ನಮ್ಮ ಮನೆಯಲ್ಲಿ ಇದನ್ನು ಪವಾಡ ಅಂತಾರೆ. ನಿಜವಾದ ಕಾರಣ ಏನು?
– ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಮನೆಯವರ ನಂಬಿಕೆ ಅವರಿಗಿರಲಿ. ನೀವು ನರ್ಸ್ ಆಗುವವರು, ನಿಮಗೆ ಕಾರಣ ಗೊತ್ತಿರಬೇಕು.

ಕುಷ್ಠ ಸುಲಭಕ್ಕೆ ಅಂಟುವ ರೋಗ ಅಲ್ಲ. 100ರಲ್ಲಿ ಸುಮಾರು 95 ಜನರ ದೇಹ ಆ ಬ್ಯಾಕ್ಟೀರಿಯಾವನ್ನು ತಾನೇ ಎದುರಿಸಿ ಗೆಲ್ಲುತ್ತದೆ. ಚಿಕಿತ್ಸೆ ಆಗದ ರೋಗಿಯ ಜೊತೆ ತಿಂಗಳುಗಟ್ಟಲೆ ಒಡನಾಟ ಇದ್ದರೆ, ಮುಖ್ಯವಾಗಿ ಮೂಗು ಬಾಯಿಯ ಹನಿಗಳಿಂದ, ಉಳಿದ ಕೆಲವರಿಗೆ ಬರಬಹುದು. ಹಾಗಾಗಿ ಮದರ್ ಮರಿಯಾನ್ ಉಳಿದುಕೊಂಡದ್ದರಲ್ಲಿ ದೇಹದ ಶಕ್ತಿಯ ಪಾಲು ದೊಡ್ಡದು. ಅದರ ಜೊತೆಗೆ ಅವರ ಶಿಸ್ತು. ಕೈ ತೊಳೆಯುವುದು ಆಸ್ಪತ್ರೆಗಳಲ್ಲಿ ಇನ್ನೂ ರೂಢಿಯಾಗದ ಕಾಲದಲ್ಲೇ ಅವರು ತಮ್ಮ ಸಿಸ್ಟರ್‌ಗಳಿಗೆ ಅದನ್ನು ಕಟ್ಟುನಿಟ್ಟು ಮಾಡಿದ್ದರು. ನಿಮ್ಮಲ್ಲಿ ಯಾರಿಗೂ ಈ ರೋಗ ಬರಲ್ಲ ಅಂತ ಮಾತೂ ಕೊಟ್ಟಿದ್ದರು. ಹಾಗೇ ಆಯಿತು.

ಆದರೆ ಇದೆಲ್ಲ ಇವತ್ತು ನಮಗೆ ಗೊತ್ತಿರುವ ಲೆಕ್ಕ. ನಾರ್ವೆಯ ಡಾಕ್ಟರ್ ಹ್ಯಾನ್ಸನ್ 1873ರಲ್ಲೇ ಕುಷ್ಠದ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದರೂ ಆಗ ಔಷಧಿ ಇರಲಿಲ್ಲ, ಯಾರಿಗೆ ಬರುತ್ತದೆ ಯಾರಿಗೆ ಬರಲ್ಲ ಅನ್ನೋದೂ ಗೊತ್ತಿರಲಿಲ್ಲ. ಹವಾಯಿಯ ರಾಜ ಕಲಾಕೌವಾನ ಪರವಾಗಿ ನರ್ಸ್‌ಗಳು ಬೇಕೆಂದು ಪತ್ರ ಹೋದಾಗ 50ಕ್ಕೂ ಜಾಸ್ತಿ ಧಾರ್ಮಿಕ ಸಂಸ್ಥೆಗಳು ಆಗಲ್ಲ ಅಂದಿದ್ದವು. ಒಪ್ಪಿದವರು ಇವರು.

ಪವಾಡ ಅಂದು ಸುಮ್ಮನಾದರೆ ಅವರು ಕಲಿತ ಕೆಲಸ ಯಾರ ಕಣ್ಣಿಗೂ ಬೀಳಲ್ಲ, ನನಗೆ ಬೇಜಾರು ಅದೇ. 1838ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮಗು, ಅಪ್ಪ ಅಮ್ಮನ ಜೊತೆ ಅಮೆರಿಕದ ಯುಟಿಕಾಗೆ ಬಂತು. ಅಪ್ಪ ಹಾಸಿಗೆ ಹಿಡಿದಾಗ ಓದು ಬಿಟ್ಟು ಬಟ್ಟೆ ಕಾರ್ಖಾನೆಗೆ ಹೋದ ಹುಡುಗಿ. ಕಾನ್ವೆಂಟ್ ಸೇರಬೇಕೆಂಬ ಆಸೆ ಮೊದಲಿಂದ ಇತ್ತು, ಮನೆಯ ಭಾರ ಇಳಿಯುವ ತನಕ ಕಾದು, 1862ರಲ್ಲಿ, 24ನೇ ವಯಸ್ಸಿಗೆ ಫ್ರಾನ್ಸಿಸ್ಕನ್ ಸಿಸ್ಟರ್‌ಗಳ ಜೊತೆ ಸೇರಿದರು. ಆಮೇಲೆ ಸಿರಾಕ್ಯೂಸ್‌ನ ಸೇಂಟ್ ಜೋಸೆಫ್ಸ್ ಆಸ್ಪತ್ರೆಯ ಆಡಳಿತ ಅವರ ಕೈಗೆ ಬಂತು. ಕುಡುಕರನ್ನೂ ಸೇರಿಸಿಕೊಳ್ಳುತ್ತಾರೆ ಅಂತ ಊರವರು ಬೈದರು, ಅವರು ಕೇಳಲಿಲ್ಲ. ಮೆಡಿಕಲ್ ವಿದ್ಯಾರ್ಥಿಗಳಿಗೆ ಆಸ್ಪತ್ರೆಯಲ್ಲಿ ಕಲಿಯಲು ಅವಕಾಶ ಕೊಟ್ಟಾಗಲೂ, ರೋಗಿ ಬೇಡ ಅಂದರೆ ಅವರನ್ನು ವಿದ್ಯಾರ್ಥಿಗಳ ಮುಂದೆ ನಿಲ್ಲಿಸುವಂತಿಲ್ಲ ಅಂತ ಷರತ್ತು ಹಾಕಿದರು. 1870ರ ದಶಕದಲ್ಲಿ! ನಿಮ್ಮ ವಾರ್ಡ್ ಡ್ಯೂಟಿಯಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

1883ರ ನವೆಂಬರ್‌ನಲ್ಲಿ ಆರು ಸಿಸ್ಟರ್‌ಗಳನ್ನು ಕರೆದುಕೊಂಡು ಹವಾಯಿಯ ಹೊನೊಲುಲುಗೆ ಬಂದಿಳಿದಾಗ ಅಲ್ಲಿನ ಕಾಕಾಕೊ ಆಸ್ಪತ್ರೆಯಲ್ಲಿ ಕೊಳಕು, ಕೀವು, ನೊಣ, ಜೊತೆಗೆ ರೋಗಿಗಳನ್ನು ಹಿಂಸಿಸುತ್ತಿದ್ದ ಒಬ್ಬ ಸರ್ಕಾರಿ ಮೇಲ್ವಿಚಾರಕ. ಮದರ್ ಮರಿಯಾನ್ ಅಳುತ್ತಾ ಕೂರಲಿಲ್ಲ. ಅವನಾದರೂ ಇರಲಿ, ನಾವಾದರೂ ಇರುತ್ತೇವೆ, ಆರಿಸಿಕೊಳ್ಳಿ ಅಂತ ಸರ್ಕಾರಕ್ಕೇ ಹೇಳಿದರು. ಆಸ್ಪತ್ರೆ ಅವರ ಕೈಗೆ ಬಂತು. ಸೇವೆ ಅಂದರೆ ತಲೆ ತಗ್ಗಿಸಿಕೊಂಡು ಇರೋದು ಅಂತ ಹೆಣ್ಣುಮಕ್ಕಳಿಗೆ ಹೇಳಿಕೊಡುವವರು ಇದನ್ನು ಓದಬೇಕು.

1888ರಲ್ಲಿ ಮೊಲೊಕಾಯಿ ದ್ವೀಪದ ಕಲೌಪಾಪಾಗೆ ಹೋದರು. ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಬೆಟ್ಟ. ಕಾನೂನಿನ ಪ್ರಕಾರ ರೋಗಿಗಳನ್ನು ಮನೆಯಿಂದ ಎಳೆದು ತಂದು ಬಿಡುತ್ತಿದ್ದ ಜಾಗ ಅದು. ಅಲ್ಲಿ ಹೆಂಗಸರು, ಹುಡುಗಿಯರ ಮನೆ ನೋಡಿಕೊಂಡರು. ಮರುವರ್ಷ ಡೇಮಿಯನ್ ತೀರಿಕೊಂಡ ಮೇಲೆ ಹುಡುಗರ ಮನೆಯ ಹೊಣೆಯೂ ಸಿಸ್ಟರ್‌ಗಳ ಮೇಲೆ ಬಂತು. ಹುಣ್ಣು ತೊಳೆದು ಪಟ್ಟಿ ಕಟ್ಟುವುದು ದಿನದ ಕೆಲಸ. ಅದು ಮುಗಿದ ಮೇಲೆ ಹುಡುಗಿಯರಿಗೆ ಚಂದದ ಬಟ್ಟೆ ಹೊಲಿಸುವುದು, ಅಂಗಳದಲ್ಲಿ ಹೂಗಿಡ, ಮರ ನೆಡಿಸುವುದು. ವಾಸಿಯಾಗುವ ಆಸೆಯೇ ಇಲ್ಲದ ಮಕ್ಕಳಿಗೆ ಒಳ್ಳೆಯ ಬಟ್ಟೆ ಯಾಕೆ ಅಂತ ಕೇಳುವವರಿದ್ದಾರೆ, ಅಲ್ವಾ? ನನಗಂತೂ ಅವರ ಇಡೀ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ ಅನ್ನಿಸುತ್ತದೆ. ಸಿರಾಕ್ಯೂಸ್‌ಗೆ ಮತ್ತೆ ಹೋಗಲೇ ಇಲ್ಲ. 1918ರ ಆಗಸ್ಟ್ 9ರಂದು, 80 ವರ್ಷ ತುಂಬಿದ ಮೇಲೆ, ಅಲ್ಲೇ ತೀರಿಕೊಂಡರು. 2012ರಲ್ಲಿ ಸಂತ ಪದವಿ ಸಿಕ್ಕಿತು.

ಪ್ರಶ್ನೆ: ತಮ್ಮನಿಗೆ ನೋಡಿದ ಹುಡುಗಿಯ ತಂದೆಗೆ ಹಿಂದೆ ಕುಷ್ಠ ಇತ್ತಂತೆ, ಮಾತ್ರೆ ತಗೊಂಡು ಪೂರ್ತಿ ವಾಸಿಯಾಗಿದೆ. ಸಂಬಂಧ ಬೇಡ ಅಂತ ಹಿರಿಯರ ಹಟ. ಏನು ಹೇಳಲಿ?
– ಓದುಗರು, ರಾಯಚೂರು

ಉತ್ತರ: ಕುಷ್ಠ ರಕ್ತದಲ್ಲಿ ಇಳಿದು ಬರುವ ಕಾಯಿಲೆ ಅಲ್ಲ ಅಂತ ಹೇಳಿ. ಚಿಕಿತ್ಸೆ ಮುಗಿಸಿದವರಿಂದ ಯಾರಿಗೂ ಅಂಟಲ್ಲ. ಮೇಲೆ ಬರೆದ ಮದರ್ ಮರಿಯಾನ್ 1885ರಲ್ಲಿ ಹೊನೊಲುಲುವಿನಲ್ಲಿ ಕಪಿಯೊಲಾನಿ ಹೋಮ್ ಶುರು ಮಾಡಿಸಿದ್ದು ಇಂಥ ಹುಡುಗಿಯರಿಗಾಗಿಯೇ. ಅವರು ಆರೋಗ್ಯವಾಗಿದ್ದರು, ಅಪ್ಪ ಅಮ್ಮನಿಗೆ ಕುಷ್ಠ ಇತ್ತು ಅನ್ನುವ ಒಂದೇ ಕಾರಣಕ್ಕೆ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಅಷ್ಟು ವರ್ಷ ಕಳೆದ ಮೇಲೂ ಅದೇ ಭಯ ಇಟ್ಟುಕೊಂಡರೆ ಹೇಗೆ? ನಮ್ಮ ದೇಶದ ಕಾನೂನೂ 2019ರಲ್ಲಿ ಬದಲಾಗಿದೆ, ಕುಷ್ಠ ಇದೆ ಅನ್ನುವ ಕಾರಣಕ್ಕೆ ಈಗ ವಿಚ್ಛೇದನ ಕೇಳುವಂತಿಲ್ಲ.

ಹಿರಿಯರಿಗೆ ಇನ್ನೂ ಅನುಮಾನ ಇದ್ದರೆ ಅವರನ್ನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ಮನೆಯಲ್ಲಿ ಯಾರಿಗಾದರೂ ಚರ್ಮದ ಮೇಲೆ ತಿಳಿ ಬಣ್ಣದ ಅಥವಾ ಕೆಂಪು ಮಚ್ಚೆ ಇದ್ದು, ಮುಟ್ಟಿದರೆ ಗೊತ್ತಾಗದಿದ್ದರೆ, ಆವತ್ತೇ ತೋರಿಸಿ. ಮಾತ್ರೆ ಉಚಿತ. ರೋಗದ ಬಗೆ ನೋಡಿ 6 ಅಥವಾ 12 ತಿಂಗಳು ಕೊಡುತ್ತಾರೆ, ಮಧ್ಯದಲ್ಲಿ ನಿಲ್ಲಿಸಬಾರದು.