ಮಾರಿಷಸ್‌ನಂಥ ಪುಟ್ಟ ದ್ವೀಪ ದೇಶಕ್ಕೆ ನಮ್ಮ ಖಾಸಗಿ ಕಂಪನಿ ಶಸ್ತ್ರ ಮಾರಬಹುದಾ?

ನೀವು ಕೇಳಿದ್ದು ಎರಡು ವಿಷಯ. ಮಾರಿಷಸ್, ಮಾಲ್ಡೀವ್ಸ್‌ನಂಥ ಸಣ್ಣ ದೇಶಗಳಿಗೆ ಇಲ್ಲಿನ ಖಾಸಗಿ ಕಂಪನಿ ಲೈಸೆನ್ಸ್ ತೆಗೆದುಕೊಂಡು ಶಸ್ತ್ರ ಮಾರಬಹುದಾ ಅನ್ನುವುದು ಒಂದು. "ಕೊಡಗಿನವರಿಗೆ ಕೋವಿಗೆ ಲೈಸೆನ್ಸೇ ಬೇಡ, ರಫ್ತೂ ಸುಲಭ ಅಲ್ವಾ" ಅನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ಮುಗಿಸುತ್ತೇನೆ.

ಸುಲಭ ಅಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಅದಕ್ಕೂ ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಮಾಡಿಸಬೇಕು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಒರೆಸಿ, ನಳಿಗೆಯ ಬಾಯಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಅದೇ ಕೋವಿಯನ್ನು ಹೊರದೇಶಕ್ಕೆ ಕಳಿಸಲು ಹೊರಟರೆ ರಫ್ತಿಗೆ ಲೈಸೆನ್ಸ್ ಬೇಕೇ ಬೇಕು ಅನ್ನುವ 1959ರ ಶಸ್ತ್ರ ಕಾಯ್ದೆಯ 10ನೇ ಸೆಕ್ಷನ್ ಎದುರಿಗೆ ಬರುತ್ತದೆ. ಅಲ್ಲಿ ಊರು, ಮನೆತನ ಯಾವುದೂ ಲೆಕ್ಕಕ್ಕಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಾನು ಗೋಣಿಕೊಪ್ಪಲಿನವನು. ಬೆಂಗಳೂರಿನ ಒಂದು ಕಂಪನಿಯ ರಫ್ತು ವಿಭಾಗದಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಮಾರಬಹುದು. 2024-25ರಲ್ಲಿ ಜಾಸ್ತಿ ಮಾರಿದ್ದೂ ಖಾಸಗಿಯವರೇ. ಆ ವರ್ಷ ನಮ್ಮ ರಕ್ಷಣಾ ರಫ್ತು ₹23,622 ಕೋಟಿ. ಅದರಲ್ಲಿ ₹15,233 ಕೋಟಿ ಖಾಸಗಿ ಕಂಪನಿಗಳದ್ದು.

ಲೈಸೆನ್ಸ್ ಅಂದರೆ ಮಾರುವವನ ಯೋಗ್ಯತೆ ನೋಡಿ ಕೊಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದನ್ನು ನೋಡುವುದು ಸ್ವಲ್ಪ. ಹೆಚ್ಚು ತಲೆ ಕೆಡಿಸಿಕೊಳ್ಳುವುದು ಮಾಲು ಕೊನೆಗೆ ಯಾರ ಕೈಯಲ್ಲಿರುತ್ತದೆ ಅನ್ನುವುದಕ್ಕೆ. ಅನುಮತಿಯಿಲ್ಲದೆ ರಫ್ತು ಮಾಡುವಂತಿಲ್ಲದ ವಸ್ತುಗಳಿಗೆ ಸರ್ಕಾರದ ಒಂದು ಪಟ್ಟಿ ಇದೆ, ಹೆಸರು ಸ್ಕೋಮೆಟ್. ಯುದ್ಧ ಸಾಮಗ್ರಿ ಅದರ 6ನೇ ವಿಭಾಗದಲ್ಲಿ ಬರುತ್ತದೆ. ಅರ್ಜಿ ಹೋಗುವುದು ರಕ್ಷಣಾ ಉತ್ಪಾದನಾ ಇಲಾಖೆಗೆ. ಬೇಕಾದಾಗ ಅವರು ವಿದೇಶಾಂಗ ಇಲಾಖೆಯನ್ನೂ ಕೇಳುತ್ತಾರೆ. ಅರ್ಜಿಯ ಜೀವ ಇರುವುದು, ಮಾಲನ್ನು ಕೊನೆಗೆ ಬಳಸುವವರು ಬರೆದುಕೊಡುವ ಅಂತಿಮ ಬಳಕೆದಾರರ ಪ್ರಮಾಣಪತ್ರದಲ್ಲಿ. ನೋಡಲು ಸಾದಾ ಲೆಟರ್‌ಹೆಡ್ಡು. ಮಾಲಿನ ಹೆಸರು, ಎಷ್ಟು, ಯಾವ ಆರ್ಡರಿಗೆ, ಯಾವುದಕ್ಕೆ ಬಳಸುತ್ತಾರೆ, ಭಾರತದ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ದಾಟಿಸುವುದಿಲ್ಲ ಅನ್ನುವ ಮಾತು, ಕೆಳಗೆ ಸಹಿ, ಮೊಹರು. ಆರ್ಡರಿನಲ್ಲಿ ಒಂದು ಸಂಖ್ಯೆ, ಇದರಲ್ಲಿ ಇನ್ನೊಂದು ಇದ್ದರೆ ಕಡತ ಅಲ್ಲೇ ಕೂರುತ್ತದೆ.

ದ್ವೀಪ ದೇಶಗಳ ವಿಷಯದಲ್ಲಿ ಮಜಾ ಇರುವುದು ಇಲ್ಲೇ. ಮಾರಿಷಸ್‌ಗೆ ಸೈನ್ಯವೇ ಇಲ್ಲ! ಇರುವುದು ಪೊಲೀಸ್ ಪಡೆ. ಅದರಡಿಯಲ್ಲೇ ಕರಾವಳಿ ಕಾವಲು ಪಡೆ, ವಿಶೇಷ ದಳ ಎಲ್ಲ ಬರುತ್ತವೆ. ಹಾಗಾಗಿ "ಮಾರಿಷಸ್ ಸೈನ್ಯಕ್ಕೆ" ಅಂತ ಬರೆದ ಪತ್ರ ಬಂದರೆ ಮೊದಲ ಸಾಲಿಗೇ ಸಂಶಯ ಹುಟ್ಟುತ್ತದೆ. ದೇಶದ ಅಳತೆಯನ್ನೂ ನೋಡಿ. ನಮ್ಮ ಕೊಡಗು 4,102 ಚದರ ಕಿಲೋಮೀಟರ್. ಮಾರಿಷಸ್ ಸುಮಾರು 2,040, ಅಂದರೆ ಕೊಡಗಿನ ಅರ್ಧ. ಆದರೆ ಅವರು ಕಾಯಬೇಕಾದ ಸಮುದ್ರ ಸುಮಾರು 23 ಲಕ್ಷ ಚದರ ಕಿಲೋಮೀಟರ್. ಅಂಥವರಿಗೆ ಬೇಕಾದದ್ದು ಗಸ್ತು ಹಡಗು, ವಿಮಾನ, ರೇಡಾರ್. ಹತ್ತಾರು ಸಾವಿರ ರೈಫಲ್‌ಗೆ ಆರ್ಡರ್ ಬಂತು ಅಂದುಕೊಳ್ಳಿ. ಹಿಡಿಯುವ ಕೈಗಳೇ ಅಷ್ಟಿಲ್ಲದ ಕಡೆ ಉಳಿದವು ಎಲ್ಲಿಗೆ ಹೋಗುತ್ತವೆ ಅಂತ ಯಾರಾದರೂ ಕೇಳಲೇಬೇಕು. ಹಾಗೆ ಕೇಳುವುದೇ ಲೈಸೆನ್ಸಿನ ಕೆಲಸ. ಅದನ್ನು ಸುಮ್ನೆ ಕಿರಿಕಿರಿ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಪೇಪರಿನಲ್ಲಿ ಬರುವ ಸುದ್ದಿಯನ್ನು ಸ್ವಲ್ಪ ಬಿಡಿಸಿ ಓದಿ. ಭಾರತ "ಕೊಟ್ಟಿತು" ಅಂದರೆ ಮಾರಿತು ಅಂತಲ್ಲ. ಸೇಶೆಲ್ಸ್‌ಗೆ 2021ರಲ್ಲಿ ಹೋದ ಪಿಎಸ್ ಝೊರಾಸ್ಟರ್ ಗಸ್ತು ಹಡಗು ಉಡುಗೊರೆ. ಮಾಲ್ಡೀವ್ಸ್‌ಗೆ 2006ರಲ್ಲಿ ಹೋದ ಹುರಾವೀ ಕೂಡ ಹಾಗೇ. 2015ರ ಮಾರ್ಚ್‌ನಲ್ಲಿ ಮಾರಿಷಸ್ ಸೇವೆಗೆ ಸೇರಿದ ಬರಾಕುಡಾ ಮಾತ್ರ ಮಾರಾಟ. ಕೋಲ್ಕತ್ತದ ಹಡಗು ಕಟ್ಟುವ ಸಂಸ್ಥೆ ಜಿಆರ್‌ಎಸ್‌ಇ ಕಟ್ಟಿದ್ದು, ನಾವು ರಫ್ತು ಮಾಡಿದ ಮೊದಲ ಯುದ್ಧನೌಕೆ. ಅದಕ್ಕೂ ಸಾಲದ ನೆರವು ನಮ್ಮದೇ. ನಮ್ಮ ಬೆಂಗಳೂರಿನ ಎಚ್‌ಎಎಲ್ 2022ರ ಜನವರಿಯಲ್ಲಿ ಮಾರಿಷಸ್ ಜೊತೆ ಒಂದು ಧ್ರುವ್ ಹೆಲಿಕಾಪ್ಟರ್‌ಗೆ ಒಪ್ಪಂದ ಮಾಡಿಕೊಂಡಿತು. ಜಿಆರ್‌ಎಸ್‌ಇ, ಎಚ್‌ಎಎಲ್ ಎರಡೂ ಸರ್ಕಾರಿ ಸಂಸ್ಥೆಗಳು, ಖಾಸಗಿಯವಲ್ಲ.

ಇಂಥ ದೇಶಗಳಿಗೆ ಅಮೆರಿಕ ಮಾರುವ ಶಸ್ತ್ರದ ಅಂಕಿ ಪೇಪರಿನಲ್ಲಿ ನೋಡುವಾಗಲೂ ಒಂದು ಎಚ್ಚರ ಬೇಕು. ಅಲ್ಲಿ ಸರ್ಕಾರವೇ ಮಾರುವುದು ಬೇರೆ, ಕಂಪನಿ ಲೈಸೆನ್ಸ್ ತೆಗೆದುಕೊಂಡು ನೇರ ಮಾರುವುದು ಬೇರೆ. ಲೈಸೆನ್ಸಿನಲ್ಲಿರುವ ಮೊತ್ತ ಬರೀ ಅನುಮತಿ. ಸಾಮಾನ್ಯವಾಗಿ ಅದಕ್ಕೆ ನಾಲ್ಕು ವರ್ಷದ ವಾಯಿದೆ. ಅಷ್ಟರೊಳಗೆ ಪೂರ್ತಿ ಮಾಲು ಹೋಗಬಹುದು, ಅರ್ಧ ಹೋಗಬಹುದು, ಏನೂ ಹೋಗದೆಯೂ ಇರಬಹುದು. "ಇಷ್ಟು ಕೋಟಿಯ ಶಸ್ತ್ರ ಆ ದ್ವೀಪಕ್ಕೆ ಹೋಯಿತು" ಅಂತ ಯಾರಾದರೂ ಹೇಳಿದರೆ, ಅದು ಅನುಮತಿಯ ಲೆಕ್ಕವೋ ಸಾಗಣೆಯ ಲೆಕ್ಕವೋ ಕೇಳಿ.

ಕುಶಾಲನಗರದಲ್ಲಿ ನಿಮ್ಮ ಭಾವನ ಲೇತ್ ವರ್ಕ್‌ಶಾಪ್ ಇದೆ, ಹಡಗಿನ ಗನ್ ಮೌಂಟಿನ (ಗನ್ ಕೂರಿಸುವ ಪೀಠದ) ಬಿಡಿಭಾಗ ಮಾಡಿಕೊಡುತ್ತೀರಾ ಅಂತ ಹೊರದೇಶದಿಂದ ಕೇಳಿದ್ದಾರೆ ಅಂತ ಬರೆದಿದ್ದೀರಿ. ಬಿಡಿಭಾಗವೂ ಸ್ಕೋಮೆಟ್ ಪಟ್ಟಿಗೆ ಬರಬಹುದು. ಮೊದಲು ಅದನ್ನು ನೋಡಿಕೊಳ್ಳಲಿ. ಡ್ರಾಯಿಂಗ್ ಕೂಡ ತಂತ್ರಜ್ಞಾನವೇ. ಇಮೇಲಿನಲ್ಲಿ ಹೋದರೂ ರಫ್ತೇ. ಹಾಗಾಗಿ ಅನುಮತಿ ಬೇಕೋ ಬೇಡವೋ ಅನ್ನುವುದು ಖಾತ್ರಿಯಾಗುವ ತನಕ ಬೆಲೆ ಮಾತಾಡಲಿ, ಡ್ರಾಯಿಂಗ್ ಮಾತ್ರ ಕಳಿಸಬಾರದು ಅಂತ ಹೇಳಿ.