ಸೆಟಲ್‌ಮೆಂಟ್ ಆದ್ಮ್ಯಾಲೂ ಸಿಬಿಲ್ ಯಾಕ ಸರಿ ಹೋಗವಲ್ದು?

ಯಾವುದೋ ಆ್ಯಪ್‌ನ್ಯಾಗಿನ ಸಿಬಿಲ್ ಸ್ಕೋರ್, ಅಂದ್ರ ನೀವು ಸಾಲ ಹೆಂಗ ಕಟ್ಟೀರಿ ಅಂತ ತೋರಸೂ ನಂಬರ್, ಅದರ ಸ್ಕ್ರೀನ್‌ಶಾಟ್ ಹೊಡೆದು "ಸರ್ 612 ಐತಿ, ಏನ್ ಮಾಡ್ಲಿ" ಅಂತ ದಿನಾ ಕಳಿಸ್ತೀರಿ. ಬರೀ ಆ ನಂಬರ್ ನೋಡಿ ನಾನೇನ್ ಹೇಳ್ಲಿ? ಜ್ವರ 102 ಐತಿ ಅಂದ್ರ ಎದಕ್ಕ ಬಂತು ಅಂತ ಯಾವ ಡಾಕ್ಟ್ರಿಗೂ ಹೇಳಾಕ ಆಗೂದಿಲ್ಲ. ನಿಮ್ಮ ಸಾಲದ ಲೆಕ್ಕ ಎಲ್ಲಾ ಇರೂ ಪೂರ್ತಿ ರಿಪೋರ್ಟ್ ತೆಗೀರಿ, ಅದು ಪುಕ್ಕಟೆ ಸಿಗ್ತೈತಿ, ಆಮ್ಯಾಲೆ ಕೇಳ್ರಿ.

ಸಿಂಧನೂರು ಕಡೆಯ ರೈತರೊಬ್ಬರು: ಎಡದಂಡಿ ಕಾಲುವಿ ಕೊನೆಭಾಗದಾಗ ನಮ್ಮ ಹೊಲ. ಒಂದ್ ವರ್ಷ ನೀರು ಬರ್ಲಿಲ್ಲ, ನೆಲ್ಲು ಹೋತು, ಫೈನಾನ್ಸ್‌ನ ಪರ್ಸನಲ್ ಲೋನ್ ಕಟ್ಟಾಕ ಆಗ್ಲಿಲ್ಲ. 80 ಸಾವಿರ ಬಾಕಿಗೆ 45 ಸಾವಿರ ತಗೊಂಡು ಸೆಟಲ್ ಮಾಡಿದ್ರು. ಈಗ ಟ್ರ್ಯಾಕ್ಟರ್ ಸಾಲ ಕೇಳಿದ್ರ ಸಿಬಿಲ್ ಸರಿ ಇಲ್ಲ ಅಂತಾರ. ಒಬ್ರು 15 ಸಾವಿರ ಕೊಟ್ರ ಒಂದ್ ವಾರದಾಗ ಕ್ಲೀನ್ ಮಾಡಿಸ್ತೀನಿ ಅಂತಾರ. ಕೊಡ್ಲಾ?

ಕೊಡಬ್ಯಾಡ್ರಿ. ಒಂದ್ ರೂಪಾಯಿನೂ ಕೊಡಬ್ಯಾಡ್ರಿ.

ಸಿಬಿಲ್ ಅನ್ನೋದು ಒಂದು ಕಂಪನಿ ಹೆಸರು ಅಷ್ಟ. ನಮ್ಮ ದೇಶದಾಗ ಇಂಥವು ನಾಲ್ಕ ಅದಾವ, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. 2005ರ ಕಾಯ್ದೆ ಪ್ರಕಾರ ರಿಸರ್ವ್ ಬ್ಯಾಂಕ್ ಕೈಕೆಳಗ ನಡೀತಾವ. ಇವು ನಿಮಗ ಸಾಲ ಕೊಡೂದೂ ಇಲ್ಲ, ಬ್ಯಾಡ ಅನ್ನೂದೂ ಇಲ್ಲ. ಬ್ಯಾಂಕು ಫೈನಾನ್ಸಿನೋರು ಏನ್ ಬರೆದು ಕಳಿಸ್ತಾರೋ ಅದನ್ನ ಇಟ್ಕೊಂಡು, ಕೇಳಿದೋರಿಗೆ ತೋರಸ್ತಾವ. ಬರೆದೋರು ಒಪ್ಪದ ಹೊರತು ಆ ಕಂಪನಿಯೋರೇ ನಿಮ್ಮ ಸಾಲದ ಲೆಕ್ಕದಾಗ ಒಂದಕ್ಷರ ತಿದ್ದಾಕ ಬರೂದಿಲ್ಲ, ಅಂಥಾದ್ರಾಗ ಬಸ್‌ಸ್ಟ್ಯಾಂಡ್ ಗ್ವಾಡಿಗೆ "ಸಿಬಿಲ್ ಕ್ಲಿಯರ್" ಅಂತ ಬೋರ್ಡ್ ಹಚ್ಚಿದಾವ ಹೆಂಗ ತಿದ್ದತಾನ?

ಅವ ಮಾಡೂದು ಇಷ್ಟ. ನಿಮ್ಮ ಹೆಸರಿನ್ಯಾಗ ಆನ್‌ಲೈನ್ ತಕರಾರು ಹಾಕ್ತಾನ, ರಿಪೋರ್ಟ್‌ನ್ಯಾಗ ಆ ಸಾಲದ ಮುಂದ ತಕರಾರು ಐತಿ ಅಂತ ಬರ್ತೈತಿ, ಅದನ್ನ ತೋರಿಸಿ ನೋಡ್ರಿ ಕೆಲಸ ಶುರು ಆಗೇತಿ ಅಂತ ರೊಕ್ಕ ಇಸ್ಕೊಂತಾನ, ಆಮ್ಯಾಲೆ ಫೈನಾನ್ಸಿನೋರು ನಾವು ಬರೆದದ್ದು ಖರೇನ ಐತಿ ಅಂತ ಉತ್ತರ ಕೊಟ್ಟ ಕೂಡ್ಲೇ ಮೊದಲಿನಂಗ ಆಗ್ತೈತಿ, ಅಷ್ಟೊತ್ತಿಗೆ ಅವನ ಫೋನ್ ಸ್ವಿಚ್ ಆಫ್. ಆ ತಕರಾರು ನೀವೇ ಪುಕ್ಕಟೆ ಹಾಕಬಹುದಿತ್ತು. 15 ಸಾವಿರ ಹೋಗೂದಕ್ಕಿಂತ ನನಗ ಹೆಚ್ಚು ಭಯ ಅಂದ್ರ, ನೀವು ಅವನ ಕೈಯಾಗ ಆಧಾರ್, ಪ್ಯಾನ್ ಕೊಟ್ಟು ಓಟಿಪಿನೂ ಹೇಳಿರ್ತೀರಿ. ಅಷ್ಟು ಸಿಕ್ರ ನಿಮ್ಮ ಹೆಸರಿನ್ಯಾಗ ಹೊಸ ಸಾಲನೂ ಎತ್ತಬಹುದು.

ಈಗ ನಿಮ್ಮ ಸೆಟಲ್‌ಮೆಂಟ್. ಅವತ್ತು ರಿಕವರಿಗೆ ಬಂದಾವ "ಇಷ್ಟು ಕಟ್ರಿ, ಎಲ್ಲಾ ಕ್ಲೋಸ್" ಅಂದಿರ್ತಾನ. ರಿಪೋರ್ಟ್‌ನ್ಯಾಗ ಕ್ಲೋಸ್ಡ್ ಬ್ಯಾರೆ, ಸೆಟಲ್ಡ್ ಬ್ಯಾರೆ. ಸೆಟಲ್ಡ್ ಅಂದ್ರ ಈ ಮನುಷ್ಯ ಪೂರ್ತಿ ಕಟ್ಟಿಲ್ಲ, ನಾವು ಉಳಿದದ್ದು ಬಿಟ್ವಿ ಅಂತ ಅರ್ಥ. ನಿಮ್ಮ 35 ಸಾವಿರ ಅಲ್ಲಿ ಕುಂತೈತಿ. ಬ್ಯಾಂಕಿನ ಸಾಲದ ಟೇಬಲ್‌ನ್ಯಾಗ ನಾನು 22 ವರ್ಷ ಕುಂತವ, ಆ ಒಂದು ಶಬ್ದ ಕಂಡ್ರ ಫೈಲ್ ಅಲ್ಲೇ ಬದಿಗೆ ಇಡ್ತಿದ್ವಿ, ಸ್ಕೋರ್ ಎಷ್ಟರ ಇರ್ಲಿ.

ಇದು ತಪ್ಪು ಎಂಟ್ರಿ ಅಲ್ಲ, ಖರೇ ಎಂಟ್ರಿ, ಹಿಂಗಾಗಿ ತಕರಾರು ಹಾಕಿ ಉಪಯೋಗ ಇಲ್ಲ. ದಾರಿ ಒಂದ. ಸಾಲ ಕೊಟ್ಟ ಆಫೀಸಿಗೆ ಹೋಗ್ರಿ, ಬಿಟ್ಟ ರೊಕ್ಕ ಕಟ್ತೀನಿ, ಸ್ಟೇಟಸ್ ಕ್ಲೋಸ್ಡ್ ಅಂತ ಮಾಡಿ ಕಳಿಸ್ತೀರಾ ಅಂತ ಕೇಳ್ರಿ. ಹೂಂ ಅಂದ್ರ ಮೊದಲು ಲೆಟರ್‌ಹೆಡ್ ಮ್ಯಾಲೆ ಬರೆಸ್ಕೋರಿ, ಆಮ್ಯಾಲೆ ಕಟ್ರಿ, ಅದೂ ಸಾಲದ ಖಾತಿಗೆ, ಯಾವನದೋ ಫೋನ್‌ಪೇ ನಂಬರಿಗೆ ಅಲ್ಲ. ಆ ಸಾಲವನ್ನ ಅವರು ವಸೂಲಿ ಕಂಪನಿಗೆ ಮಾರಿದ್ರ ರಿಪೋರ್ಟ್‌ನ್ಯಾಗ ಆ ಕಂಪನಿ ಹೆಸರು ಇರ್ತೈತಿ, ಅವಾಗ ಅವರ ಕಡೆನ ಹೋಗಬೇಕು. ಕಟ್ಟಿದ ಮ್ಯಾಲೆ ಎನ್‌ಓಸಿ, ಅಂದ್ರ ಬಾಕಿ ಏನೂ ಇಲ್ಲ ಅನ್ನೂ ಪತ್ರ, ಇಸ್ಕೊಂಡು ಜ್ವಾಕಿಲೆ ಇಡ್ರಿ.

2025ರ ಜನವರಿಯಿಂದ ಬ್ಯಾಂಕು ಫೈನಾನ್ಸಿನೋರು ಕನಿಷ್ಠ 15 ದಿನಕ್ಕೊಮ್ಮೆಯಾದ್ರೂ ಲೆಕ್ಕ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡೇತಿ, ಅದಕ್ಕ ಒಂದ್ ತಿಂಗಳು ಬಿಟ್ಟು ರಿಪೋರ್ಟ್ ನೋಡ್ರಿ. ಎನ್‌ಓಸಿ ಕೊಟ್ಟೂ ಬದಲಾಗಿಲ್ಲ ಅಂದ್ರ ಅವಾಗ ಅದು ತಪ್ಪು ಎಂಟ್ರಿ, ತಕರಾರು ಹಾಕ್ರಿ. 30 ದಿನದಾಗ ಬಗೆಹರೀಲಿಲ್ಲ ಅಂದ್ರ ಆಮ್ಯಾಲಿನ ಒಂದೊಂದು ದಿನಕ್ಕ 100 ರೂಪಾಯಿ ಪರಿಹಾರ ನಿಮಗ ಬರಬೇಕು, ಇದು 2024ರ ಏಪ್ರಿಲ್‌ನಿಂದ ಜಾರಿ ಐತಿ, ಎಷ್ಟೋ ಮಂದಿಗೆ ಗೊತ್ತ ಇಲ್ಲ. ಅದಕ್ಕೂ ಬಗ್ಗಲಿಲ್ಲ ಅಂದ್ರ ಗಿರಾಕಿಗಳ ದೂರು ಕೇಳೂ ರಿಸರ್ವ್ ಬ್ಯಾಂಕ್ ಒಂಬಡ್ಸ್‌ಮನ್ ಕಡೆ ಹೋಗ್ರಿ, ಸಹಾಯಕ್ಕ 14448 ನಂಬರ್ ಐತಿ, ಅದಕ್ಕೂ ಫೀ ಇಲ್ಲ.

ಇಷ್ಟು ಮಾಡಿದ್ರೂ ಮರುದಿನ ಸ್ಕೋರ್ ಏರೂದಿಲ್ಲ. ಸಿಬಿಲ್ ರಿಪೋರ್ಟ್‌ನ್ಯಾಗ 36 ತಿಂಗಳದ ಕಂತಿನ ಲೆಕ್ಕ ಕಾಣ್ತೈತಿ, ಎಷ್ಟು ದಿನ ತಡ ಆಗೇತಿ ಅನ್ನೂದು ತಿಂಗಳ ತಿಂಗಳ ಬರೆದಿರ್ತೈತಿ, ಅದನ್ನ ಯಾರೂ ಒರಸಾಕ ಬರೂದಿಲ್ಲ. ಮ್ಯಾಲೆ ಹೊಸ ಒಳ್ಳೆ ತಿಂಗಳು ಕೂಡ್ತಾ ಹೋಗಬೇಕು. ಟ್ರ್ಯಾಕ್ಟರ್ ಒಂದ್ ವರ್ಷ ತಡ ಮಾಡ್ರಿ ಅಂತ ನಾನು ಹೇಳ್ತೀನಿ, ಬಾಡಿಗಿ ಟ್ರ್ಯಾಕ್ಟರ್‌ನ್ಯಾಗ ಒಂದ್ ಬೆಳಿ ತೆಗೀರಿ. 7 ವರ್ಷಕ್ಕ ತಾನಾಗೇ ಅಳಿಸ್ತೈತಿ ಅಂತ ಕಾಯಕೂ ಹೋಗಬ್ಯಾಡ್ರಿ. ನಿಯಮ ಹೇಳೂದು ಕನಿಷ್ಠ 7 ವರ್ಷ ಇಟ್ಕೋಬೇಕು ಅಂತ, 7ಕ್ಕ ಅಳಿಸಬೇಕು ಅಂತ ಅಲ್ಲ.

ನನ್ನ ಸ್ಕೋರ್ ನಾನ ನೋಡಿದ್ರ ಕಡಿಮಿ ಆಗ್ತೈತಾ?

ಇಲ್ಲ. ಎಷ್ಟು ಸಲ ಹೇಳಬೇಕ್ರೀ. ನಾಲ್ಕೂ ಕಂಪನಿ ವರ್ಷಕ್ಕ ಒಂದೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು, ಮೂರು ತಿಂಗಳಿಗೊಂದರಂಗ ತೆಗೀರಿ.

ಬಳ್ಳಾರಿಯಿಂದ: ಜೀನ್ಸ್ ಹೊಲಿಗಿ ಮಷಿನ್‌ಗೆ ಒಂದ್ ವಾರದಾಗ ಏಳು ಆ್ಯಪ್‌ನ್ಯಾಗ ಅರ್ಜಿ ಹಾಕಿದ್ದೆ, ಸ್ಕೋರ್ ಇಳೀತು.

ಇಳೀತೈತಿ. ನೀವು ನೋಡೂದು ಬ್ಯಾರೆ, ಸಾಲಕ್ಕಂತ ಅವರು ನೋಡೂದು ಬ್ಯಾರೆ. ಅವರು ನೋಡಿದ್ದು ಒಂದೊಂದೂ ದಾಖಲ ಆಗ್ತೈತಿ, ಈ ಮನುಷ್ಯಗ ರೊಕ್ಕದ ತ್ರಾಸ ಐತಿ ಅಂತ ಅನಸ್ತೈತಿ. ಆರು ತಿಂಗಳು ಸುಮ್ನಿರ್ರಿ.

ಜೆಸ್ಕಾಂ ಕರೆಂಟ್ ಬಿಲ್ ತಡ ಆದ್ರ ಸಿಬಿಲ್ ಕೆಡ್ತೈತಾ?

ಇಲ್ಲ.

ಹೆಂಗಸರ ಸಂಘದ ಸಾಲ ಇದರಾಗ ಬರ್ತೈತಾ?

ಮೈಕ್ರೋಫೈನಾನ್ಸ್ ಕಂಪನಿ ಗುಂಪಿಗೆ ಕೊಟ್ಟ ಸಾಲನೂ ಒಬ್ಬೊಬ್ಬರ ಹೆಸರಿನ್ಯಾಗ ಬರ್ತೈತಿ. ಕಂತು ಗುಂಪಿನ ಅಕ್ಕನ ಕೈಯಾಗ ಕೊಟ್ಟು ಮರೀಬ್ಯಾಡ್ರಿ, ಅವರು ಕಟ್ಟದಿದ್ರ ತಡ ಆಗೂದು ನಿಮ್ಮ ಹೆಸರಿನ್ಯಾಗ. ರಸೀದಿ ಇಸ್ಕೋರಿ.

ಕೊಪ್ಪಳದಿಂದ: ಭಾವಮೈದುನನ ಲಾರಿ ಸಾಲಕ್ಕ ಜಾಮೀನು ಹಾಕು ಅಂತ ಮನ್ಯಾಗ ಒತ್ತಾಯ. ಬರೀ ಸಹಿ ತಾನ?

ಬರೀ ಸಹಿ ಅಲ್ಲ. ಆ ಸಾಲ ನಿಮ್ಮ ರಿಪೋರ್ಟ್‌ನ್ಯಾಗೂ ಬರ್ತೈತಿ, ಅವ ಕಂತು ತಪ್ಪಿಸಿದ್ರ ಹೊಡೆತ ನಿಮಗೂ ಬೀಳ್ತೈತಿ. ನಾನು ಒಬ್ಬ ಸಂಬಂಧಿಕನಿಗೆ ಹಾಕಿದ್ದೆ, ಅವ ಎಂಟು ತಿಂಗಳು ಕಟ್ಟಿಲ್ಲ ಅನ್ನೂದು ನನಗ ಗೊತ್ತಾಗಿದ್ದು ಮಗಳ ಓದಿನ ಸಾಲಕ್ಕ ಹೋದಾಗ, ಟೇಬಲ್ ಆಚೆ ಕುಂತ ಹುಡುಗ ನನ್ನ ರಿಪೋರ್ಟ್ ತಿರುಗಿಸಿ ತೋರಿಸಿದಾಗ. ಅವತ್ತಿನಿಂದ ನಾನು ಯಾರಿಗೂ ಹಾಕಿಲ್ಲ. ನೀವು ಹಾಕೂದ ಆದ್ರ ಆ ಸಾಲದ ಕಂತಿನ ಮೆಸೇಜು ನಿಮ್ಮ ಫೋನಿಗೂ ಬರೂ ಹಂಗ ಮಾಡಿಸ್ಕೊಂಡು ಹಾಕ್ರಿ, ಮಾಡ್ಕೊಡಾಕ ಆಗೂದಿಲ್ಲ ಅಂದ್ರ ಸಹಿ ಹಾಕಬ್ಯಾಡ್ರಿ.